ಕಾರಿನೊಳಗಿನ ಕೆಂಪು ದೀಪ



ಆಷಾಢದ ಒಂದು ಸಂಜೆ, ವಯಸ್ಸಾದ ತಾಯಿಯವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಉಜಿರೆಯಿಂದ ಹೊರಟ ನಾನು ಚಾರ್ಮಾಡಿ ಘಾಟಿಯನ್ನು ಅರ್ಧ ಹತ್ತಿದ್ದೆನೋ ಇಲ್ಲವೋ, ಮಳೆಯೂ ಮಂಜೂ ಸೇರಿ ರಸ್ತೆಯ ಅಂಚನ್ನೇ ಅಳಿಸಿಹಾಕಿದ್ದ ಆ ಹೊತ್ತಿನಲ್ಲಿ, ಡ್ಯಾಷ್‌ಬೋರ್ಡಿನ ಮೂಲೆಯಲ್ಲಿ ಬ್ಯಾಟರಿಯ ಚಿತ್ರವುಳ್ಳ ಪುಟ್ಟ ಕೆಂಪು ದೀಪವೊಂದು ಹೊತ್ತಿಕೊಂಡಿತು. ಆ ದೀಪ ನನಗೆ ಅಪರಿಚಿತವಾದುದಲ್ಲ. ಎರಡು ತಿಂಗಳ ಹಿಂದೆಯೂ ಅದು ಆಗೊಮ್ಮೆ ಈಗೊಮ್ಮೆ ಮಿನುಗಿದ್ದುಂಟು. ಒಂದು ಬೆಳಗ್ಗೆ ಸೆಲ್ಫ್ ಹೊಡೆದರೆ ಕಟಕಟ ಎಂಬ ಸದ್ದಿನ ಹೊರತು ಬೇರೇನೂ ಬಾರದಿದ್ದಾಗ, ಪೇಟೆಯ ಅಂಗಡಿಯೊಂದರವರು ಬ್ಯಾಟರಿ ಹೋಯಿತೆಂದು ತೀರ್ಮಾನಿಸಿ ಹೊಸತೊಂದನ್ನು ಕೂರಿಸಿದ್ದರು. ದೀಪದ ಮೇಲಿದ್ದುದು ಬ್ಯಾಟರಿಯ ಚಿತ್ರ, ಬದಲಾಯಿಸಿದ್ದೂ ಬ್ಯಾಟರಿಯನ್ನೇ; ಆದುದರಿಂದ ರೋಗ ತೀರಿತೆಂದು ನಾನೂ ನಂಬಿದ್ದೆ.

ಘಾಟಿಯಲ್ಲಿ ಹೊತ್ತಿಕೊಂಡ ದೀಪ ಆರಲಿಲ್ಲ. ಮೊದಲು ವೈಪರ್ ನಿಧಾನವಾಯಿತು. ತರುವಾಯ ಹೆಡ್‌ಲೈಟಿನ ಬಿಳುಪು ಹಳದಿಗೆ ತಿರುಗಿತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆಯಿರುವ ಆ ತಿರುವುಗಳಲ್ಲಿ ದಾರಿ ಕಾಣುವುದೇ ದುಸ್ತರವಾಗಿ, ಮುಂದೆ ಹೋಗುತ್ತಿದ್ದ ವಾಹನದ ಹಿಂದೀಪಗಳನ್ನೇ ನೆಚ್ಚಿ, ಹೇಗೋ ಕೊಟ್ಟಿಗೆಹಾರವನ್ನು ಮುಟ್ಟಿದೆವು. ಅಲ್ಲಿ ವಿಚಾರಿಸಿದಾಗ ಸಿಕ್ಕ ಹಿರಿಯ ಎಲೆಕ್ಟ್ರಿಷಿಯನ್ನರೊಬ್ಬರು ಎಂಜಿನ್ ಆರಿಸಬೇಡಿರೆಂದು ಕೈಸನ್ನೆ ಮಾಡಿ, ಬಾನೆಟ್ ಎತ್ತಿ, ಟಾರ್ಚಿನ ಬೆಳಕಿನಲ್ಲಿ ಒಂದು ಕ್ಷಣ ದಿಟ್ಟಿಸಿ ನೋಡಿ, ಆಲ್ಟರ್ನೇಟರಿನ ಬೆನ್ನನ್ನು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ಎರಡು ಸಲ ತಟ್ಟಿದರು. ದೀಪ ಆರಿತು. “ಬ್ಯಾಟರಿ ಸರಿಯಾಗೇ ಇದೆ ಸಾರ್. ಅದಕ್ಕೆ ಊಟ ಬರ್ತಾ ಇರ್ಲಿಲ್ಲ, ಅಷ್ಟೆ” ಎಂದರು. ಆಲ್ಟರ್ನೇಟರಿನೊಳಗಿನ ಎರಡು ಕಾರ್ಬನ್ ಬ್ರಷ್‌ಗಳು ಸವೆದು ಮೋಟಾಗಿ, ಒಮ್ಮೆ ತಾಗಿ ಒಮ್ಮೆ ತಾಗದೆ ಇದ್ದುವಂತೆ. ಅವನ್ನು ಬದಲಾಯಿಸಲು ತಗಲಿದ ಖರ್ಚು ನಾನು ಹಿಂದೆ ಕೊಂಡ ಬ್ಯಾಟರಿಯ ಬೆಲೆಯ ಇಪ್ಪತ್ತರಲ್ಲೊಂದು ಪಾಲೂ ಆಗಲಿಲ್ಲ.

ಅವರಾಡಿದ ಆ ಒಂದು ಮಾತೇ ಈ ಹೊತ್ತಿನ ನನ್ನ ಬಾನುಲಿ ಭಾಷಣದ ಬೀಜ. ನಮ್ಮ ನಾಡಿನ ರಸ್ತೆಗಳಲ್ಲಿ ಇಂದು ಓಡಾಡುವ ಅಸಂಖ್ಯ ಕಾರುಗಳಲ್ಲಿ ಈ ಕೆಂಪು ದೀಪ ಉಂಟು. ಅದು ಹೊತ್ತಿದಾಗ ಒಳ್ಳೆಯ ಬ್ಯಾಟರಿಯನ್ನು ಕಿತ್ತು ಹೊಸತನ್ನು ಹಾಕಿಸಿಕೊಂಡು, ಕೆಲವೇ ದಿನಗಳಲ್ಲಿ ಮತ್ತೆ ಅದೇ ಸಂಕಟಕ್ಕೆ ಸಿಲುಕುವವರು ಬಹಳ ಮಂದಿ. ದುಡ್ಡು ವ್ಯರ್ಥವಾದರೆ ಮತ್ತೆ ಗಳಿಸಬಹುದು. ಆದರೆ ರಾತ್ರಿಯ ಹೊತ್ತು, ಮಳೆಯಲ್ಲಿ, ಘಾಟಿಯ ತಿರುವಿನಲ್ಲಿ ದೀಪಗಳೆಲ್ಲ ನಂದಿಹೋದ ಕಾರಿನೊಳಗೆ ಮಕ್ಕಳೂ ವೃದ್ಧರೂ ಕುಳಿತಿರುವ ಸ್ಥಿತಿಯನ್ನು ನೆನೆದರೆ, ಈ ಪುಟ್ಟ ದೀಪದ ಭಾಷೆಯನ್ನು ಕಲಿಯುವುದು ಕಾರು ನಡೆಸುವ ಪ್ರತಿಯೊಬ್ಬರ ಕರ್ತವ್ಯವೆಂದೇ ನನಗೆ ತೋರುತ್ತದೆ.

ಬ್ಯಾಟರಿಯೆಂಬುದು ಕಾರಿನ ಕಣಜ. ಗದ್ದೆಯಿಂದ ಬಂದ ಭತ್ತವನ್ನು ಕೂಡಿಟ್ಟು ಬೇಕಾದಾಗ ತೆಗೆದು ಕೊಡುವುದು ಕಣಜದ ಧರ್ಮವೇ ಹೊರತು, ಭತ್ತವನ್ನು ಬೆಳೆಯುವುದು ಅದರ ಕೆಲಸವಲ್ಲ. ಎಂಜಿನ್ ನಿದ್ರಿಸುತ್ತಿರುವಾಗ ಅದನ್ನು ಎಬ್ಬಿಸಲು ಸೆಲ್ಫ್ ಮೋಟಾರಿಗೆ ಕೆಲವು ಕ್ಷಣಗಳ ಕಾಲ ನೂರು, ನೂರೈವತ್ತು ಆಂಪಿಯರಿನಷ್ಟು ವಿದ್ಯುತ್ತನ್ನು ಒಮ್ಮೆಗೇ ಸುರಿದುಕೊಡುವುದು ಬ್ಯಾಟರಿ. ಎಂಜಿನ್ ಎದ್ದ ಮೇಲೆ ದೀಪ, ಫ್ಯಾನು, ವೈಪರ್, ಇಗ್ನಿಷನ್ ಇವಕ್ಕೆಲ್ಲ ಬೇಕಾದ ವಿದ್ಯುತ್ತನ್ನು ಉತ್ಪಾದಿಸಿ, ಉಳಿದುದರಿಂದ ಬ್ಯಾಟರಿಯ ಕೊರತೆಯನ್ನು ತುಂಬುವುದು ಆಲ್ಟರ್ನೇಟರ್ ಎಂಬ ಯಂತ್ರ. ಕೆಂಪು ದೀಪ ಹೊತ್ತಿದರೆ, ಕಣಜ ಒಡೆದಿದೆಯೆಂದು ಅದು ಹೇಳುತ್ತಿಲ್ಲ. ಗದ್ದೆಯಿಂದ ಬರಬೇಕಾದ ಭತ್ತ ಬರುತ್ತಿಲ್ಲವೆಂದು ಹೇಳುತ್ತಿದೆ. ಚಿತ್ರ ಕಣಜದ್ದು, ಸುದ್ದಿ ಗದ್ದೆಯದು. ಈ ಒಂದು ವಿವೇಕವಿದ್ದರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗಿಯೇ ಸುಗಮವಾಗುತ್ತವೆ.

ಈ ಏರ್ಪಾಡಿನ ಹಿಂದೆ ಒಂದು ದೀರ್ಘವಾದ ಸಾಧನೆಯ ಪರಂಪರೆಯುಂಟು. ತಾಮ್ರದ ಸುರುಳಿಯೊಂದರ ಬಳಿ ಅಯಸ್ಕಾಂತವು ಚಲಿಸಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದನು. ಗಂಧಕಾಮ್ಲದಲ್ಲಿ ಸೀಸದ ಫಲಕಗಳನ್ನು ಮುಳುಗಿಸಿ, ಬರಿದಾದ ಮೇಲೂ ಮತ್ತೆ ಮತ್ತೆ ತುಂಬಬಹುದಾದ ವಿದ್ಯುತ್ಕೋಶವನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ರಚಿಸಿದನು. ಕಾರುಗಳನ್ನು ಕಬ್ಬಿಣದ ಹ್ಯಾಂಡಲಿನಿಂದ ತಿರುಗಿಸಿ ಎಬ್ಬಿಸಬೇಕಾಗಿದ್ದ, ಅದು ಹಿಂದಕ್ಕೆ ಒದೆದರೆ ಮುಂಗೈ ಮುರಿಯುತ್ತಿದ್ದ ಕಾಲ ಒಂದಿತ್ತಷ್ಟೆ; ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದು ಆ ಕಷ್ಟವನ್ನು ಹರಿಸಿತು; ಎಂಜಿನ್ನನ್ನು ಎಬ್ಬಿಸಿದ ಯಂತ್ರವೇ, ಎಂಜಿನ್ ಎದ್ದ ಮೇಲೆ, ತಾನು ಪಡೆದ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುವಂತೆ ಆತನು ಅದನ್ನು ರಚಿಸಿದ್ದನು. ಕೊಟ್ಟುದನ್ನು ತುಂಬಿಕೊಡಬೇಕೆಂಬ ನೀತಿ ಈ ಏರ್ಪಾಡಿನ ಹುಟ್ಟಿನಲ್ಲೇ ಇದೆಯೆಂಬುದನ್ನು ಗಮನಿಸಬೇಕು. ನಮ್ಮ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರು ತಿರುಗಿಸಿದ ಯಂತ್ರಗಳು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದವಲ್ಲವೆ? ಆ ಮಹಾಯಂತ್ರಗಳಿಗೂ ಬಾನೆಟ್ಟಿನ ಕೆಳಗೆ ತೆಂಗಿನಕಾಯಿಯ ಗಾತ್ರದಲ್ಲಿ ಕುಳಿತಿರುವ ಆಲ್ಟರ್ನೇಟರಿಗೂ ಮೂಲತತ್ತ್ವ ಒಂದೇ. ಅಲ್ಲಿ ತಿರುಗಿಸುವುದು ನೀರು, ಇಲ್ಲಿ ತಿರುಗಿಸುವುದು ರಬ್ಬರಿನ ಬೆಲ್ಟು.

ಈಗ ದೀಪದ ವಿಚಾರಕ್ಕೆ ಬರುತ್ತೇನೆ. ಬಹುಕಾಲ ಬಳಕೆಯಲ್ಲಿದ್ದ, ಇಂದಿಗೂ ಅನೇಕ ಕಾರುಗಳಲ್ಲಿರುವ ಏರ್ಪಾಡು ಬಹಳ ಸೊಗಸಾದುದು. ದೀಪದ ಒಂದು ತುದಿ ಇಗ್ನಿಷನ್ ಕೀಲಿಯ ಮೂಲಕ ಬ್ಯಾಟರಿಗೆ ಸೇರಿದೆ, ಇನ್ನೊಂದು ತುದಿ ಆಲ್ಟರ್ನೇಟರಿಗೆ. ಕೀಲಿ ತಿರುಗಿಸಿದಾಗ ಬ್ಯಾಟರಿಯ ಕಡೆ ಒತ್ತಡವುಂಟು, ಆಲ್ಟರ್ನೇಟರಿನ ಕಡೆ ಇಲ್ಲ. ಆದುದರಿಂದ ವಿದ್ಯುತ್ತು ದೀಪದ ಮೂಲಕ ಹರಿದು ಅದನ್ನು ಬೆಳಗಿಸುವುದು ಮಾತ್ರವಲ್ಲದೆ, ಆಲ್ಟರ್ನೇಟರಿನೊಳಗಿನ ಸುರುಳಿಯನ್ನು ಪ್ರವೇಶಿಸಿ ಅದಕ್ಕೆ ಮೊದಲ ಅಯಸ್ಕಾಂತಶಕ್ತಿಯನ್ನೂ ಕೊಡುತ್ತದೆ. ಎಂಜಿನ್ ತಿರುಗಿ ಆಲ್ಟರ್ನೇಟರ್ ದುಡಿಯತೊಡಗಿದೊಡನೆ ಎರಡು ಕಡೆಯ ಒತ್ತಡವೂ ಸಮವಾಗುತ್ತದೆ. ಸಮವಾದ ಎರಡು ಕೆರೆಗಳ ನಡುವಣ ತೂಬಿನಲ್ಲಿ ನೀರು ಹೇಗೆ ಹರಿಯದೋ ಹಾಗೆ ದೀಪದಲ್ಲಿ ವಿದ್ಯುತ್ತು ಹರಿಯದೆ ಅದು ಆರುತ್ತದೆ. ಅಂದರೆ ಈ ದೀಪ ಬೆಳಗುವುದು ವ್ಯತ್ಯಾಸದಿಂದ, ಆರುವುದು ಸಮತೆಯಿಂದ. ಈಚಿನ ಕಾರುಗಳಲ್ಲಿ ದೀಪವನ್ನು ಹೊತ್ತಿಸುವ ಅಧಿಕಾರ ಕಂಪ್ಯೂಟರಿನ ಕೈಗೆ ಹೋಗಿದೆಯಾದರೂ ದೀಪದ ಅರ್ಥ ಬದಲಾಗಿಲ್ಲ.

ಇದರಿಂದ ತಿಳಿಯುವ ಮೊದಲ ಪಾಠವೇನೆಂದರೆ, ಕೀಲಿ ತಿರುಗಿಸಿ ಎಂಜಿನ್ ಹಚ್ಚುವ ಮುನ್ನ ಈ ದೀಪ ಹೊತ್ತಲೇಬೇಕು. ಹೊತ್ತದಿದ್ದರೆ ಎಲ್ಲವೂ ಕ್ಷೇಮವೆಂದು ಸಂತೋಷಪಡುವುದು ತಪ್ಪು. ದೀಪವೇ ಸುಟ್ಟುಹೋಗಿರಬಹುದು, ಇಲ್ಲವೆ ತಂತಿ ಕಳಚಿರಬಹುದು, ಇಲ್ಲವೆ ಬ್ರಷ್‌ಗಳು ತಾಗದಿರಬಹುದು. ಹಳೆಯ ರೀತಿಯ ಅನೇಕ ಆಲ್ಟರ್ನೇಟರುಗಳು ದೀಪದ ಮೂಲಕ ಬರುವ ಆ ಮೊದಲ ಗುಟುಕು ದೊರೆಯದಿದ್ದರೆ ದುಡಿಯಲು ತೊಡಗುವುದೇ ಇಲ್ಲ. ಹತ್ತಿಪ್ಪತ್ತು ರೂಪಾಯಿಯ ಬಲ್ಬೊಂದು ಸುಟ್ಟುದಕ್ಕಾಗಿ ಸಾವಿರಾರು ರೂಪಾಯಿಯ ಆಲ್ಟರ್ನೇಟರನ್ನು ಬದಲಾಯಿಸಿದ ಪ್ರಸಂಗಗಳು ಇಲ್ಲದಿಲ್ಲ.

ಇಲ್ಲಿ ಹಿರಿಯ ಶ್ರೋತೃಗಳಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಹಳೆಯ ಅಂಬಾಸಿಡರ್ ಮುಂತಾದ ಕಾರುಗಳಲ್ಲಿ ಮೊದಲು ಇದ್ದುದು ಆಲ್ಟರ್ನೇಟರಲ್ಲ, ಡೈನಮೋ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಸಾಕಷ್ಟು ವಿದ್ಯುತ್ತನ್ನು ಕೊಡಲಾರದು. ಆಗ ಕಟೌಟ್ ಎಂಬ ಬಾಗಿಲು ಮುಚ್ಚಿ, ಕೆಂಪು ದೀಪ ಮಂಕಾಗಿ ಹೊತ್ತುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಆರುತ್ತಿತ್ತು. ಅದು ಆ ಯಂತ್ರದ ಸ್ವಭಾವವೇ ಆಗಿದ್ದುದರಿಂದ ಚಾಲಕರು ದೀಪವನ್ನು ಉಪೇಕ್ಷಿಸಲು ಕಲಿತರು. ಅಮೆರಿಕದ ಕ್ರೈಸ್ಲರ್ ಕಂಪನಿ 1960ರಲ್ಲಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರನ್ನು ಜೋಡಿಸಿತು. ಕ್ರಮೇಣ ಲೋಕವೆಲ್ಲ ಅದನ್ನೇ ಅನುಸರಿಸಿತು. ಎಂಜಿನ್ ನಿಂತಲ್ಲೇ ಮೆಲ್ಲನೆ ತಿರುಗುತ್ತಿದ್ದರೂ ಆಲ್ಟರ್ನೇಟರ್ ದುಡಿಯಬಲ್ಲುದು. ಆದುದರಿಂದ ಇಂದಿನ ಕಾರಿನಲ್ಲಿ ದೀಪ ಹೊತ್ತಿದರೆ ಅದು ಸ್ವಭಾವವಲ್ಲ, ರೋಗಲಕ್ಷಣ. ಡೈನಮೋ ಕಾಲದ ಇನ್ನೊಂದು ಅಭ್ಯಾಸವೂ ಅಷ್ಟೇ ಅಪಾಯಕಾರಿಯಾದುದು: ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿಯನ್ನು ಕಳಚಿ, ಎಂಜಿನ್ ನಿಲ್ಲದಿದ್ದರೆ ಚಾರ್ಜು ಸರಿಯಾಗಿದೆಯೆಂದು ನಿರ್ಣಯಿಸುವುದು. ಬ್ಯಾಟರಿಯ ಆಸರೆ ತಪ್ಪಿದೊಡನೆ ಆಲ್ಟರ್ನೇಟರಿನ ಒತ್ತಡ ಹಠಾತ್ತನೆ ಮೇಲೇರಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಅದರ ಡಯೋಡುಗಳನ್ನೂ, ಕಾರಿನ ಕಂಪ್ಯೂಟರನ್ನೂ ಸುಟ್ಟುಹಾಕಬಹುದು. ಯಾರೇ ಹೇಳಲಿ, ಎಷ್ಟೇ ಅನುಭವಿಗಳಾಗಿರಲಿ, ನಿಮ್ಮ ಕಾರಿನಲ್ಲಿ ಈ ಪರೀಕ್ಷೆಗೆ ಸಮ್ಮತಿಸಬೇಡಿ.

ಹಾಗಾದರೆ ಪರೀಕ್ಷಿಸುವ ಕ್ರಮ ಹೇಗೆ? ಒಳ್ಳೆಯ ವೈದ್ಯನು ಮೊದಲು ಕಣ್ಣಿನಿಂದ ನೋಡುತ್ತಾನೆ, ಬಳಿಕ ನಾಡಿ ಹಿಡಿಯುತ್ತಾನೆ, ಕೊನೆಯಲ್ಲಿ ಔಷಧಿ ಬರೆಯುತ್ತಾನೆ. ನಮ್ಮ ಕ್ರಮವೂ ಅದೇ ಆಗಿರಲಿ. ಎಂಜಿನ್ನನ್ನು ಆರಿಸಿ ಬಾನೆಟ್ ತೆರೆದರೆ ಮೊದಲು ನೋಡಬೇಕಾದುದು ಬೆಲ್ಟು. ಅದು ಬಿರುಕು ಬಿಟ್ಟಿದೆಯೆ, ಒಳಬದಿ ಕನ್ನಡಿಯಂತೆ ಹೊಳಪೇರಿ ಜಾರುತ್ತಿದೆಯೆ, ಎಣ್ಣೆ ತಾಗಿದೆಯೆ ಎಂದು ಪರಿಶೀಲಿಸಬೇಕು. ಹಳೆಯ ಮಾದರಿಯ ಬೆಲ್ಟಿನ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಅದಕ್ಕಿಂತ ಹೆಚ್ಚು ಬಗ್ಗಿದರೆ ಸಡಿಲವೆಂದೂ, ಬಗ್ಗದೆ ಬಿಗಿದು ನಿಂತರೆ ಬೇರಿಂಗುಗಳಿಗೆ ಕೇಡೆಂದೂ ತಿಳಿಯಬೇಕು. ಬೆಳಗ್ಗೆ ಕಾರು ಹಚ್ಚಿದಾಗ, ಅಥವಾ ಮಳೆನೀರು ಚಿಮ್ಮಿದಾಗ ಕೀಚೆಂದು ಕೂಗುವ ಸದ್ದು ಬಹುಮಟ್ಟಿಗೆ ಸಡಿಲ ಬೆಲ್ಟಿನದೇ.

ಅನಂತರ ನೋಡಬೇಕಾದುದು ಬ್ಯಾಟರಿಯ ಟರ್ಮಿನಲ್‌ಗಳು. ಬಿಳಿಯ ಅಥವಾ ನಸುಹಸುರಿನ ಪುಡಿ ಅಲ್ಲಿ ಬೆಳೆದಿದ್ದರೆ ವಿದ್ಯುತ್ತಿನ ದಾರಿಗೆ ಬೇಲಿ ಬಿದ್ದಂತೆ. ಅಡುಗೆ ಸೋಡಾ ಕದಡಿದ ಬಿಸಿನೀರಿನಿಂದ ಅದನ್ನು ತೊಳೆದು, ಒರೆಸಿ ಒಣಗಿಸಿ, ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಬಿಗಿಯಾಗಿ ಕೂರಿಸಿದ ತರುವಾಯ ಮೇಲೆ ತುಸು ವ್ಯಾಸಲೀನ್ ಸವರಿದರೆ ಪುಡಿ ಬೇಗ ಮರಳಿ ಬಾರದು. ತಂತಿ ಕಳಚುವಾಗ ಮೈನಸ್ಸನ್ನು ಮೊದಲು ಕಳಚಬೇಕು, ಜೋಡಿಸುವಾಗ ಅದನ್ನು ಕೊನೆಗೆ ಜೋಡಿಸಬೇಕು. ಸ್ಪ್ಯಾನರ್ ಅಕಸ್ಮಾತ್ತಾಗಿ ಕಾರಿನ ಮೈಗೆ ತಗುಲಿ ಕಿಡಿ ಹಾರುವ ಅಪಾಯವನ್ನು ಇದು ತಪ್ಪಿಸುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಡುವ ಜಲಜನಕವು ಒಂದೇ ಕಿಡಿಗೆ ಸ್ಫೋಟಿಸಬಲ್ಲುದಾದುದರಿಂದ ಅಲ್ಲಿ ಬೀಡಿ, ಸಿಗರೇಟು, ಬೆಂಕಿಕಡ್ಡಿ ಸರ್ವಥಾ ಕೂಡದು. ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅರ್ಥ್ ಪಟ್ಟಿಯನ್ನೂ ನೋಡಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಯಲ್ಲಿಯೂ ಮಲೆನಾಡಿನ ತೇವದಲ್ಲಿಯೂ ಅದು ಒಳಗೊಳಗೇ ತಿಂದುಹೋಗಿ, ಹೊರಗೆ ಮಾತ್ರ ಗಟ್ಟಿಯಾಗಿ ಕಾಣುವುದುಂಟು.

ಕಣ್ಣಿನ ಪರೀಕ್ಷೆ ಮುಗಿದ ಮೇಲೆ ನಾಡಿಪರೀಕ್ಷೆ. ಕೆಲವು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರೊಂದು ಕಾರಿರುವ ಪ್ರತಿ ಮನೆಯಲ್ಲಿಯೂ ಇರಬೇಕೆಂಬುದು ನನ್ನ ಹಂಬಲ. ಬ್ಯಾಟರಿಯಲ್ಲಿ ಆರು ಕೋಶಗಳು, ಒಂದೊಂದರದು 2.1 ವೋಲ್ಟು. ರಾತ್ರಿಯೆಲ್ಲ ವಿಶ್ರಮಿಸಿದ ಕಾರಿನ ಬ್ಯಾಟರಿಯನ್ನು ಬೆಳಗ್ಗೆ ಅಳೆದಾಗ 12.6 ವೋಲ್ಟು ಬಂದರೆ ಕಣಜ ತುಂಬಿದೆಯೆಂದೂ, 12.2 ಬಂದರೆ ಅರ್ಧಕ್ಕಿಳಿದಿದೆಯೆಂದೂ, 12ಕ್ಕಿಂತ ಕೆಳಗಾದರೆ ಬಹುತೇಕ ಬರಿದಾಗಿದೆಯೆಂದೂ ಅರ್ಥ. ಮುಚ್ಚಳವುಳ್ಳ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆಮ್ಲದ ಸಾಂದ್ರತೆಯನ್ನೂ ನೋಡಬಹುದು. ತುಂಬಿದ ಬ್ಯಾಟರಿಯಲ್ಲಿ ಅದು ಸುಮಾರು 1.250ರಿಂದ 1.280ರ ವರೆಗೆ ಇರುತ್ತದೆ. ಐದು ಕೋಶಗಳು ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಕೋಶ ಕೆಟ್ಟಿದೆ. ಆಗ ಬ್ಯಾಟರಿಯನ್ನೇ ದೂಷಿಸುವುದು ನ್ಯಾಯ. ಬಳಿಕ ಇನ್ನೊಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಮೀಟರನ್ನು ನೋಡಬೇಕು. ತುಂಬಿದ ಬ್ಯಾಟರಿಯೂ ಆ ಕ್ಷಣದಲ್ಲಿ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಅದರ ಕಸುವು ಕುಂದಿದೆಯೆಂಬ ಶಂಕೆ ಬಲವಾಗುತ್ತದೆ.

ಇನ್ನು ಮುಖ್ಯವಾದ ಪರೀಕ್ಷೆ. ಎಂಜಿನ್ ಓಡುತ್ತಿರುವಾಗ ಅದೇ ಟರ್ಮಿನಲ್‌ಗಳ ಮೇಲೆ ಮೀಟರಿಟ್ಟರೆ ಸುಮಾರು 13.8ರಿಂದ 14.5 ವೋಲ್ಟು ಕಾಣಬೇಕು. ಹೆಡ್‌ಲೈಟನ್ನೂ ಫ್ಯಾನನ್ನೂ ಹಾಕಿ ಎಂಜಿನ್ನಿನ ವೇಗವನ್ನು ತುಸು ಏರಿಸಿದರೂ 13ಕ್ಕಿಂತ ಕೆಳಗಿಳಿಯಬಾರದು. ಈಚಿನ ಕೆಲವು ಕಾರುಗಳಲ್ಲಿ ಇಂಧನದ ಉಳಿತಾಯಕ್ಕಾಗಿ ಕಂಪ್ಯೂಟರೇ ಒತ್ತಡವನ್ನು ಆಗಾಗ ತಗ್ಗಿಸುವುದುಂಟು. ಅಂಥವುಗಳಲ್ಲಿ ಒಂದೇ ಅಳತೆಯಿಂದ ನಿಷ್ಕರ್ಷೆಗೆ ಬರದೆ, ದೀಪಗಳನ್ನು ಹಾಕಿ ತುಸು ಹೊತ್ತು ಕಾದು ನೋಡಬೇಕು. ಎಂಜಿನ್ ಓಡುತ್ತಿದ್ದರೂ ಮೀಟರ್ 12.4ರಲ್ಲಿ ನಿಂತು ನಿಧಾನವಾಗಿ ಇಳಿಯುತ್ತಿದ್ದರೆ, ಭತ್ತ ಬರುವುದು ನಿಂತಿದೆ. ಅದಕ್ಕೆ ಪ್ರತಿಯಾಗಿ 15ನ್ನು ದಾಟಿ ಏರುತ್ತಿದ್ದರೆ ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟು, ಕಣಜಕ್ಕೆ ಹಿಡಿಸಲಾರದಷ್ಟು ಸುರಿಯುತ್ತಿದೆ. ಬ್ಯಾಟರಿಯ ನೀರು ಬೇಗ ಬತ್ತುವುದು, ಮೈ ಬಿಸಿಯಾಗುವುದು, ಕೊಳೆತ ಮೊಟ್ಟೆಯಂಥ ವಾಸನೆ ಬರುವುದು ಇದರ ಚಿಹ್ನೆಗಳು. ಕೊರತೆಯಷ್ಟೇ ಅತಿಯೂ ಬ್ಯಾಟರಿಗೆ ಮೃತ್ಯುವೆಂಬುದನ್ನು ಮರೆಯಬಾರದು.

ಆಲ್ಟರ್ನೇಟರ್ ದುಡಿಯುತ್ತಿದ್ದರೂ ದುಡಿದುದು ಮನೆ ಸೇರದಿರುವ ಸಂದರ್ಭಗಳೂ ಉಂಟು. ಇದನ್ನು ತಿಳಿಯಲು ಮೀಟರಿನ ಒಂದು ಮೊನೆಯನ್ನು ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟಿನ ಮೇಲೂ ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿನ ಮೇಲೂ ಇಟ್ಟು, ಎಂಜಿನ್ ಓಡಿಸಿ, ದೀಪಗಳನ್ನು ಹಾಕಿ ನೋಡಬೇಕು. ನಡುವಣ ವ್ಯತ್ಯಾಸ 0.2 ಅಥವಾ 0.3 ವೋಲ್ಟಿಗಿಂತ ಹೆಚ್ಚಿದ್ದರೆ ದಾರಿಯಲ್ಲಿ ಅಡಚಣೆಯಿದೆ: ತುಕ್ಕು ಹಿಡಿದ ಜೋಡಣೆಯೋ, ಒಳಗೆ ಹರಿದ ತಂತಿಯೋ. ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅದೇ ಪರೀಕ್ಷೆಯನ್ನು ಮಾಡಿದರೆ ಅರ್ಥ್ ಪಟ್ಟಿಯ ಗುಟ್ಟು ಹೊರಬೀಳುತ್ತದೆ. ಹೊಸ ಬ್ಯಾಟರಿ, ಹೊಸ ಆಲ್ಟರ್ನೇಟರ್ ಎರಡನ್ನೂ ಹಾಕಿಸಿದ ಮೇಲೂ ಕೆಂಪು ದೀಪ ಆರಲಿಲ್ಲವೆಂದು ಕೊರಗುವವರ ಕಾರುಗಳಲ್ಲಿ ಅನೇಕ ವೇಳೆ ಅಪರಾಧಿಯಾಗಿರುವುದು ಅಂಗೈಯಗಲದ ಆ ಪಟ್ಟಿಯೇ.

ದೀಪವು ಹೊತ್ತುವ ರೀತಿಯಲ್ಲಿಯೂ ನಾನಾರ್ಥಗಳಿವೆ. ಪೂರ್ಣ ಪ್ರಕಾಶದಿಂದ ಎಡೆಬಿಡದೆ ಹೊತ್ತಿದರೆ ಬೆಲ್ಟು ಹರಿದಿರಬಹುದು, ಇಲ್ಲವೆ ಆಲ್ಟರ್ನೇಟರ್ ಪೂರ್ತಿಯಾಗಿ ನಿಂತಿರಬಹುದು. ಹಳ್ಳದಿಣ್ಣೆಗಳಲ್ಲಿ ಮಿನುಗಿ ಮರೆಯಾದರೆ ಸಡಿಲ ತಂತಿಯನ್ನೋ ಸವೆದ ಬ್ರಷ್‌ಗಳನ್ನೋ ಶಂಕಿಸಬೇಕು. ಕತ್ತಲಲ್ಲಿ ಮಾತ್ರ ಕಾಣುವಷ್ಟು ಮಂಕಾಗಿ ಹೊತ್ತಿದರೆ ಡಯೋಡೊಂದು ಕೆಟ್ಟಿರಬಹುದು, ಅಥವಾ ಜೋಡಣೆಯೊಂದರಲ್ಲಿ ಅಡಚಣೆಯಿರಬಹುದು. ಕೀಲಿ ತೆಗೆದ ಮೇಲೂ ಹೊತ್ತಿಯೇ ಇದ್ದರೆ ಡಯೋಡು ಒಳಗೇ ಶಾರ್ಟ್ ಆಗಿ, ರಾತ್ರಿಯೆಲ್ಲ ಬ್ಯಾಟರಿಯಿಂದ ವಿದ್ಯುತ್ತು ಹಿಂದಕ್ಕೆ ಹರಿದುಹೋಗುತ್ತಿದೆಯೆಂದು ತಿಳಿದು, ಅಂದೇ ಎಲೆಕ್ಟ್ರಿಷಿಯನ್ನರಲ್ಲಿಗೆ ಹೋಗಬೇಕು. ಆಲ್ಟರ್ನೇಟರಿನಲ್ಲಿ ಹುಟ್ಟುವುದು ಹಿಂದುಮುಂದಾಗಿ ಹರಿಯುವ ವಿದ್ಯುತ್ತು. ಡಯೋಡುಗಳೆಂಬ ಒಮ್ಮುಖದ ಬಾಗಿಲುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿ ಬ್ಯಾಟರಿಗೆ ಕಳುಹಿಸುತ್ತವೆ. ಬಾಗಿಲೊಂದು ಮುರಿದರೆ ಆ ಅಲೆ ಹೊರಗೆ ನುಸುಳುತ್ತದೆ. ಮೀಟರನ್ನು ಎಸಿ ಅಳತೆಗೆ ತಿರುಗಿಸಿ ಬ್ಯಾಟರಿಯ ಮೇಲಿಟ್ಟಾಗ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡು ಕೆಟ್ಟಿತೆಂಬುದಕ್ಕೆ ಅದು ಪುಷ್ಟಿ. ಮೀಟರಿಲ್ಲದವರಿಗೆ ಬಾನುಲಿಯೇ ಸಾಕ್ಷಿ: ಕಾರಿನ ರೇಡಿಯೋದಲ್ಲಿ ಮಧ್ಯಮ ತರಂಗದ ನಿಲಯವನ್ನು ಕೇಳುತ್ತಿರುವಾಗ, ಎಂಜಿನ್ನಿನ ವೇಗ ಏರಿದಂತೆ ತಾನೂ ಏರುವ, ಇಳಿದಂತೆ ಇಳಿಯುವ ಕೊಳಲಿನಂಥ ಸಣ್ಣ ಸ್ವರವೊಂದು ಹೊಸದಾಗಿ ಬೆರೆತಿದ್ದರೆ ಡಯೋಡುಗಳನ್ನು ಪರೀಕ್ಷೆ ಮಾಡಿಸುವುದು ಒಳಿತು.

ಇನ್ನೊಂದು ಬಗೆಯ ತೊಂದರೆಯಲ್ಲಿ ಕೆಂಪು ದೀಪ ಬಾಯಿ ಬಿಡುವುದೇ ಇಲ್ಲ. ಓಡುವಾಗ ಚಾರ್ಜು ಸರಿಯಾಗಿದ್ದು, ಎರಡು ದಿನ ನಿಲ್ಲಿಸಿದರೆ ಮಾತ್ರ ಬ್ಯಾಟರಿ ಬರಿದಾಗುವುದಾದರೆ, ಕಣಜಕ್ಕೆ ಇಲಿ ಬಿದ್ದಿದೆಯೆಂದು ತಿಳಿಯಬೇಕು. ಡಿಕ್ಕಿಯೊಳಗಿನ ದೀಪವೋ, ಹೊರಗಿನಿಂದ ಜೋಡಿಸಿದ ಅಲಾರಮ್ಮೋ, ಕ್ಯಾಮೆರಾವೋ ರಾತ್ರಿಯೆಲ್ಲ ವಿದ್ಯುತ್ತನ್ನು ಮೆಲ್ಲುತ್ತಿರಬಹುದು. ಮೈನಸ್ ತಂತಿಗೂ ಟರ್ಮಿನಲ್ಲಿಗೂ ನಡುವೆ ಮೀಟರನ್ನು ಜೋಡಿಸಿ, ಬಾಗಿಲುಗಳನ್ನು ಮುಚ್ಚಿ, ಕಂಪ್ಯೂಟರುಗಳೆಲ್ಲ ನಿದ್ರೆಗೆ ಜಾರುವ ವರೆಗೆ ಕಾದ ಮೇಲೆ ನೋಡಿದರೆ, 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯಬಾರದು. ಹರಿದರೆ ಒಂದೊಂದೇ ಫ್ಯೂಸನ್ನು ತೆಗೆಯುತ್ತ ಹೋಗಬೇಕು. ಯಾವುದನ್ನು ತೆಗೆದಾಗ ಹರಿವು ಇಳಿಯಿತೋ ಆ ದಾರಿಯಲ್ಲಿಯೇ ಇಲಿಯುಂಟು. ಮೀಟರ್ ಜೋಡಿಸಿರುವಾಗ ಮಾತ್ರ ಸೆಲ್ಫ್ ಹೊಡೆಯಬಾರದು.

ಪ್ರಯಾಣದ ನಡುವೆ ದೀಪ ಹೊತ್ತಿದರೆ ಏನು ಮಾಡಬೇಕು? ಗಾಬರಿಪಡದೆ ಮೊದಲು ನೋಡಬೇಕಾದುದು ಎಂಜಿನ್ನಿನ ಉಷ್ಣತೆಯ ಮುಳ್ಳನ್ನು. ಅನೇಕ ಕಾರುಗಳಲ್ಲಿ ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ. ಕೆಂಪು ದೀಪದೊಡನೆ ಮುಳ್ಳೂ ಮೇಲೇರುತ್ತಿದ್ದರೆ ಬೆಲ್ಟು ಹರಿದಿದೆ; ಸುರಕ್ಷಿತವಾದ ಸ್ಥಳದಲ್ಲಿ ಕಾರನ್ನು ನಿಲ್ಲಿಸಿ ಎಂಜಿನ್ನನ್ನು ಕೂಡಲೆ ಆರಿಸಬೇಕು, ಇಲ್ಲವಾದರೆ ಎಂಜಿನ್ನೇ ಕಾದು ನಷ್ಟವಾದೀತು. ಸ್ಟಿಯರಿಂಗ್ ಹಠಾತ್ತನೆ ಭಾರವಾದರೂ ಅದೇ ಶಂಕೆ. ಮುಳ್ಳು ತನ್ನ ಸ್ಥಾನದಲ್ಲೇ ಇದ್ದು, ಸ್ಟಿಯರಿಂಗ್ ಹಗುರವಾಗಿದ್ದರೆ ಸ್ವಲ್ಪ ದೂರ ಸಾಗಬಹುದು. ಎಷ್ಟು ದೂರವೆಂಬುದಕ್ಕೆ ಒಂದು ಸರಳವಾದ ಲೆಕ್ಕವಿದೆ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಗಂಟೆಯದೆಂದಿಟ್ಟುಕೊಳ್ಳಿ. 55 ವ್ಯಾಟಿನ ಎರಡು ಹೆಡ್‌ಲೈಟುಗಳೇ ಸುಮಾರು 9 ಆಂಪಿಯರನ್ನು ಕುಡಿಯುತ್ತವೆ. ಇಗ್ನಿಷನ್, ಇಂಧನದ ಪಂಪು, ಕಂಪ್ಯೂಟರ್ ಇವೆಲ್ಲ ಸೇರಿ ಹೆಚ್ಚುಕಡಮೆ ಅಷ್ಟನ್ನೇ. ಕಾಗದದ ಮೇಲೆ ಇದು ಎರಡು ಗಂಟೆಗೆ ಸ್ವಲ್ಪ ಕಡಮೆಯೆಂದು ತೋರಿದರೂ, ಬ್ಯಾಟರಿ ಬರಿದಾಗುವುದಕ್ಕೆ ಬಹಳ ಮುನ್ನವೇ ಒತ್ತಡ ಕುಸಿದು ಎಂಜಿನ್ ತಡವರಿಸತೊಡಗುವುದರಿಂದ, ರಾತ್ರಿಯಲ್ಲಿ ಒಂದು ಗಂಟೆಯನ್ನೂ ನಂಬುವಂತಿಲ್ಲ. ಆದುದರಿಂದ ಏಸಿ, ಫ್ಯಾನು, ರೇಡಿಯೋ ಎಲ್ಲವನ್ನೂ ಆರಿಸಿ, ರಾತ್ರಿಯಾದರೆ ಹೆಡ್‌ಲೈಟನ್ನು ಮಾತ್ರ ಉಳಿಸಿಕೊಂಡು, ದೀಪವಿರುವ, ಜನವಿರುವ ಊರನ್ನು ಮುಟ್ಟುವ ವರೆಗೆ ಎಂಜಿನ್ ಆರಿಸದೆ ಸಾಗಬೇಕು. ನಡುವೆ ಆರಿಸಿದರೆ ಸೆಲ್ಫ್ ಮತ್ತೆ ತಿರುಗುವ ಭರವಸೆಯಿಲ್ಲ. ಮುಂದೆ ಘಾಟಿಯಿದ್ದರೆ ಹತ್ತುವ ಸಾಹಸಕ್ಕೆ ಹೋಗಬೇಡಿ. ನಾನು ತಪ್ಪಿದ್ದು ಅದಕ್ಕೂ ಮೊದಲೇ. ದೀಪ ಮಿನುಗಿದ ದಿನಗಳಲ್ಲೇ ಪರೀಕ್ಷೆ ಮಾಡಿಸಿದ್ದರೆ ತಾಯಿಯವರನ್ನು ಆ ಕತ್ತಲೆಯಲ್ಲಿ ಕರೆದೊಯ್ಯಬೇಕಾಗಿರಲಿಲ್ಲ.

ಬರಿದಾದ ಬ್ಯಾಟರಿಯನ್ನು ಪೂರ್ತಿ ತುಂಬುವ ಭಾರವನ್ನು ಆಲ್ಟರ್ನೇಟರಿನ ಮೇಲೆ ಹಾಕಬಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಾರನ್ನು ತಳ್ಳಿಯೋ, ಇನ್ನೊಂದು ಬ್ಯಾಟರಿಯಿಂದ ತಂತಿ ಎಳೆದೋ ಹಚ್ಚಿದ ಮೇಲೆ, ಬ್ಯಾಟರಿಯನ್ನು ಅಂಗಡಿಯಲ್ಲಿಟ್ಟು ನಿಧಾನವಾಗಿ, ಅದರ ಸಾಮರ್ಥ್ಯದ ಹತ್ತನೆಯ ಒಂದು ಪಾಲಿನಷ್ಟು, ಅಂದರೆ 35 ಆಂಪಿಯರ್ ಗಂಟೆಯ ಬ್ಯಾಟರಿಗೆ ಸುಮಾರು 3.5 ಆಂಪಿಯರಿನಂತೆ ಚಾರ್ಜು ಮಾಡಿಸುವುದು ಕ್ಷೇಮ. ಬರಿದಾದುದನ್ನು ಹಾಗೆಯೇ ದಿನಗಟ್ಟಲೆ ಬಿಟ್ಟರೆ ಸೀಸದ ಫಲಕಗಳ ಮೇಲೆ ಗಟ್ಟಿಯಾದ ಹರಳುಗಳು ಬೆಳೆದು, ಕಣಜದ ಜಾಗವನ್ನೇ ಅವು ಆಕ್ರಮಿಸಿಕೊಳ್ಳುತ್ತವೆ. ನೀರು ತುಂಬುವಾಗ ಡಿಸ್ಟಿಲ್ಡ್ ವಾಟರಿನ ಹೊರತು ನಲ್ಲಿಯ, ಬಾವಿಯ ನೀರನ್ನು ಎಂದಿಗೂ ಹಾಕಬಾರದು. ಬೇಸಗೆಯ ತಾಪವೂ ಬ್ಯಾಟರಿಗೆ ದೊಡ್ಡ ಶತ್ರು. ಕಲಬುರಗಿ, ರಾಯಚೂರುಗಳ ಬಿಸಿಲಿನಲ್ಲಿ ಇಡೀ ದಿನ ನಿಲ್ಲುವ ಕಾರಿನ ಬ್ಯಾಟರಿಯ ನೀರನ್ನು ಆಗಾಗ ನೋಡುತ್ತಿರುವುದು ಅಗತ್ಯ.

ಈ ಬಾನುಲಿಗೂ ಬ್ಯಾಟರಿಗೂ ಹಳೆಯ ನಂಟುಂಟು. ಹಳ್ಳಿಗಳಿಗೆ ವಿದ್ಯುತ್ತು ಬಾರದಿದ್ದ ಕಾಲದಲ್ಲಿ ಸೀಸದ ಬ್ಯಾಟರಿಗಳಿಂದಲೇ ನುಡಿಯುತ್ತಿದ್ದ ರೇಡಿಯೋಗಳಿದ್ದುವು. ಬ್ಯಾಟರಿ ಬರಿದಾದರೆ ಅದನ್ನು ಗಾಡಿಯಲ್ಲೋ ತಲೆಯ ಮೇಲೋ ಹೊತ್ತು ಪೇಟೆಗೆ ಒಯ್ದು ತುಂಬಿಸಿ ತರುತ್ತಿದ್ದರು. ತೆಗೆದಷ್ಟನ್ನು ತುಂಬಬೇಕೆಂಬ ನಿಯಮವನ್ನು ಆ ಜನ ಹೆಗಲ ಭಾರದಿಂದಲೇ ಅರಿತಿದ್ದರು. ನಮಗಾಗಿ ಇಂದು ಆ ಭಾರವನ್ನು ಬಾನೆಟ್ಟಿನ ಕೆಳಗಿನ ಯಂತ್ರವೊಂದು ಸದ್ದಿಲ್ಲದೆ ಹೊರುತ್ತಿದೆ. ಹೊರಲಾರದಾದಾಗ ಅದು ಹೇಳಿಕೊಳ್ಳುವುದು ಆ ಪುಟ್ಟ ಕೆಂಪು ದೀಪದ ಮೂಲಕವೇ.

ಎಂಜಿನ್ ಆರಿಸಿ, ಮರದ ನೆರಳಲ್ಲಿ ಕಾರು ನಿಲ್ಲಿಸಿಕೊಂಡು ಅದರ ರೇಡಿಯೋದಲ್ಲಿ ಈ ಮಾತುಗಳನ್ನು ಕೇಳುತ್ತಿರುವವರು ಯಾರಾದರೂ ಇದ್ದರೆ, ನೀವು ಈಗ ಕಣಜದಿಂದಲೇ ಉಣ್ಣುತ್ತಿದ್ದೀರಿ. ಭಾಷಣ ಮುಗಿದೊಡನೆ ಕೀಲಿಯನ್ನು ತಿರುಗಿಸಿ, ಸೆಲ್ಫ್ ಹೊಡೆಯುವ ಮುನ್ನ ಒಂದು ಕ್ಷಣ ತಡೆದು ನೋಡಿ. ಕೆಂಪು ದೀಪ ಹೊತ್ತಬೇಕು. ಎಂಜಿನ್ ಎದ್ದ ಮೇಲೆ ಮತ್ತೊಮ್ಮೆ ನೋಡಿ, ಅದು ಆರಿರಬೇಕು. ಎರಡೂ ಆದರೆ ನಿಶ್ಚಿಂತೆಯಿಂದ ಹೊರಡಿ. ಎರಡರಲ್ಲಿ ಒಂದು ತಪ್ಪಿದರೂ ಬ್ಯಾಟರಿ ಅಂಗಡಿಗೆ ಹೋಗುವ ಮೊದಲು, ಅದಕ್ಕೆ ಊಟ ಬರುತ್ತಿದೆಯೇ ಎಂದು ಒಮ್ಮೆ ವಿಚಾರಿಸಿ.